ಸಂಪಾದಕ ಮಂಡಳಿ: ಹೊಣೆ ಇವರದು, ಒಡೆತನ ಯಾರದು?

ಭಾಷಾವಿಜ್ಞಾನದ ಹೆಸರಾಂತ ಪತ್ರಿಕೆ ‘ಲಿಂಗ್ವಾ’ ಶುರುವಾದದ್ದು 1949ರಲ್ಲಿ. 2015ರ ಕೊನೆಗೆ ಅದರ ಆರು ಸಂಪಾದಕರೂ ಮಂಡಳಿಯ 31 ಸದಸ್ಯರೂ ಒಟ್ಟಾಗಿ ರಾಜೀನಾಮೆ ಕೊಟ್ಟರು. ಲೇಖನಗಳು ಎಲ್ಲರಿಗೂ ಉಚಿತವಾಗಿ ಸಿಗಬೇಕು, ಪ್ರಕಟಣಾ ಶುಲ್ಕ 400 ಯೂರೊ ಮೀರಬಾರದು, ಪತ್ರಿಕೆ ಸಂಪಾದಕರ ಒಡೆತನಕ್ಕೆ ಬರಬೇಕು ಎಂಬ ಅವರ ಬೇಡಿಕೆಗಳಿಗೆ ಪ್ರಕಾಶಕರಾದ ಎಲ್ಸೆವಿಯರ್ ಒಪ್ಪಲಿಲ್ಲ. ಯೊಹಾನ್ ರೂರಿಕ್ ಮುಂದಾಳತ್ವದಲ್ಲಿ ಆ ತಂಡ 2016ರಲ್ಲಿ ‘ಗ್ಲೊಸಾ’ ಎಂಬ ಹೊಸ ಪತ್ರಿಕೆ ಕಟ್ಟಿತು.

ಮಂಡಳಿಯ ದುಡಿಮೆ ಹೊರಗಿನವರ ಕಣ್ಣಿಗೆ ಬೀಳುವುದು ಕಡಿಮೆ. ಬಂದ ಲೇಖನವನ್ನು ಸಂಪಾದಕರು ಮೊದಲು ಓದಿ, ಪತ್ರಿಕೆಗೆ ಹೊಂದದ್ದನ್ನು ಅಲ್ಲೇ ಹಿಂತಿರುಗಿಸುತ್ತಾರೆ. ಉಳಿದವುಗಳಿಗೆ ವಿಷಯ ಬಲ್ಲ ಇಬ್ಬರು ಮೂವರು ಪರಿಶೀಲಕರನ್ನು ಹುಡುಕಿ ಒಪ್ಪಿಸಬೇಕು. ಒಬ್ಬರು ಮೆಚ್ಚಿ ಇನ್ನೊಬ್ಬರು ತಳ್ಳಿಹಾಕಿದಾಗ ತಾವೇ ತೂಗಿ ತೀರ್ಮಾನಿಸಬೇಕು. ಪಾಠ, ಸಂಶೋಧನೆಗಳ ನಡುವೆ ಬಹುಪಾಲು ವಿದ್ವಾಂಸರು ಇದನ್ನು ಸಂಬಳವಿಲ್ಲದೆ ಮಾಡುತ್ತಾರೆ. ಪತ್ರಿಕೆಯ ಮೇಲಿನ ನಂಬಿಕೆ ಹುಟ್ಟುವುದೇ ಈ ದುಡಿಮೆಯಿಂದ. ಆದರೆ ವಾಣಿಜ್ಯ ಪತ್ರಿಕೆಗಳಲ್ಲಿ ಹೆಸರು, ಚಂದಾ, ಶುಲ್ಕಗಳೆಲ್ಲ ಪ್ರಕಾಶಕರ ಕೈಯಲ್ಲಿರುತ್ತವೆ.

ಆ ನಂಬಿಕೆ ಕಂಪನಿಯದಲ್ಲ, ತಮ್ಮದು ಎಂದು ‘ಗ್ಲೊಸಾ’ದವರು ತೋರಿಸಿಕೊಟ್ಟರು. ಲೇಖಕರೂ ಪರಿಶೀಲಕರೂ ಅವರ ಹಿಂದೆ ಬಂದರು. ಹಣವಿಲ್ಲದ ಲೇಖಕರಿಗೆ ಶುಲ್ಕದ ತೊಡಕು ತಪ್ಪಿತು. ಇದು ದೊಡ್ಡ ಸಾಧನೆ. ಆದರೂ ರಾಜೀನಾಮೆ ಕೊನೆಯ ಅಸ್ತ್ರವೇ ಹೊರತು ವ್ಯವಸ್ಥೆಯಲ್ಲ. ‘ಲಿಂಗ್ವಾ’ ಹೊಸ ಸಂಪಾದಕರೊಂದಿಗೆ ಮುಂದುವರಿಯಿತು. ದಶಕಗಳ ಹಳೆಯ ಸಂಚಿಕೆಗಳು ಅಲ್ಲೇ ಉಳಿದವು. ನೆಲೆಗೊಂಡ ಪ್ರಾಧ್ಯಾಪಕರು ಹೊರನಡೆಯಬಲ್ಲರು; ಕೆಲಸಕ್ಕಾಗಿ ಹಳೆಯ ಪತ್ರಿಕೆಯ ಹೆಸರನ್ನೇ ನಂಬಿದ ಎಳೆಯರಿಗೆ ಅದು ಸುಲಭವಲ್ಲ.

ಹೀಗೆ ದುಡಿಯುವ ಮಂಡಳಿಗೆ ತೀರಾ ಎದುರಿನ ತುದಿಯಲ್ಲಿರುವುದು ಹೆಸರಿಗಷ್ಟೇ ಇರುವ ಮಂಡಳಿ. ಪೋಲೆಂಡಿನ ಸಂಶೋಧಕರು ಇಲ್ಲದ ವಿದುಷಿಯೊಬ್ಬರ ಹೆಸರಿನಲ್ಲಿ 360 ಪತ್ರಿಕೆಗಳಿಗೆ ಸಂಪಾದಕ ಹುದ್ದೆ ಕೋರಿ ಅರ್ಜಿ ಕಳಿಸಿದರು. 48 ಪತ್ರಿಕೆಗಳು ಒಪ್ಪಿಕೊಂಡವು. ‘ನೇಚರ್’ 2017ರಲ್ಲಿ ಇದನ್ನು ಪ್ರಕಟಿಸಿತು. ಕೆಲಸ ಕೊಡದೆ ಹೆಸರಷ್ಟೇ ಅಚ್ಚು ಹಾಕುವುದು ಓದುಗರಿಗೆ ಮಾಡುವ ಮೋಸ.

ಆದ್ದರಿಂದ ಸದಸ್ಯರ ಆಯ್ಕೆ ಹೇಗೆ, ಅವಧಿ ಎಷ್ಟು, ಯಾರು ಏನು ಮಾಡುತ್ತಾರೆ, ಪತ್ರಿಕೆಯ ಹೆಸರಿನ ಹಕ್ಕು ಯಾರದು ಎಂಬುದನ್ನು ಪ್ರತಿ ಪತ್ರಿಕೆಯೂ ಬಹಿರಂಗವಾಗಿ ಹೇಳಬೇಕು. ನಮ್ಮ ವಿಶ್ವವಿದ್ಯಾಲಯಗಳ ಪತ್ರಿಕೆಗಳಿಗೂ ಈ ಮಾತು ಸಲ್ಲುತ್ತದೆ. ಮಂಡಳಿಗೆ ಸೇರಲು ಕರೆ ಬಂದಾಗ ವಿದ್ವಾಂಸರು ಒಪ್ಪುವ ಮುನ್ನವೇ ಇವನ್ನು ಕೇಳಲಿ. ಸೇರಿದ ಮೇಲೆ ಉಳಿಯುವ ದಾರಿ ರಾಜೀನಾಮೆಯೊಂದೇ ಎಂಬುದನ್ನು ‘ಲಿಂಗ್ವಾ’ ತೋರಿಸಿದೆ.