ಸೈನಿಕನ ಕಣ್ಣೆತ್ತರದಲ್ಲಿ

ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ಪ್ಯಾರಾಟ್ರೂಪರ್‌ಗಳು ತೊಡುತ್ತಿದ್ದ ಮೇಲಂಗಿಗೆ ಡೆನಿಸನ್ ಸ್ಮಾಕ್ ಎಂದು ಹೆಸರು. ಮರಳಿನ ಬಣ್ಣದ ದಪ್ಪ ಬಟ್ಟೆ, ಅದರ ಮೇಲೆ ಹಸಿರು ಮತ್ತು ಕೆಂಗಂದು ಪಟ್ಟೆಗಳು. ಮೊದಮೊದಲು ಈ ಪಟ್ಟೆಗಳನ್ನು ದೊಡ್ಡ ಕುಂಚ ಹಿಡಿದು ಕೈಯಲ್ಲೇ ಬಳಿಯುತ್ತಿದ್ದರಂತೆ. ಆಮೇಲೆ ಮುದ್ರಣ ಬಂತು. ಆದರೂ ಎಳೆ ಎಳೆಯಾಗಿ ಚದುರಿದ ಆ ಅಂಚುಗಳಲ್ಲಿ ಕುಂಚದ ಗುರುತು ಉಳಿದೇ ಇತ್ತು. ಎಂಬತ್ತು ವರ್ಷಗಳ ನಂತರ ಯಾರೋ ಒಬ್ಬರು ಮೇಜಿನ ದೀಪದ ಕೆಳಗೆ ಕೂತು, 28 ಮಿಲಿಮೀಟರ್ ಎತ್ತರದ ಪ್ಲಾಸ್ಟಿಕ್ ಸೈನಿಕನ ಎದೆಯ ಮೇಲೆ ಅವೇ ಪಟ್ಟೆಗಳನ್ನು ಎಳೆಯುತ್ತಾರೆ. ಅಸಲು ಅಂಗಿಯಲ್ಲಿ ಅಂಗೈಯಗಲ ಇದ್ದದ್ದು ಇಲ್ಲಿ ಒಂದೂವರೆ ಮಿಲಿಮೀಟರ್. ಕುಂಚದಲ್ಲಿ ಹುಟ್ಟಿದ ವಿನ್ಯಾಸವೊಂದು ಹೀಗೆ ಮರಳಿ ಕುಂಚಕ್ಕೇ ಬಂದು ಸೇರುವುದನ್ನು ಕಂಡಾಗಲೆಲ್ಲ ನನಗೆ ಈ ಕಸುಬಿನ ಮೇಲೆ ಪ್ರೀತಿ ಹೆಚ್ಚುತ್ತದೆ.

ಮೇಜಿನ ಮೇಲೆ ಗೊಂಬೆ ಸೈನಿಕರನ್ನು ನಿಲ್ಲಿಸಿ, ಅಳತೆಪಟ್ಟಿ ಹಿಡಿದು, ದಾಳ ಉರುಳಿಸಿ ಆಡುವ ಯುದ್ಧದಾಟ ಹೊಸದಲ್ಲ. ಎಚ್.ಜಿ. ವೆಲ್ಸ್ 1913ರಲ್ಲೇ ‘ಲಿಟಲ್ ವಾರ್ಸ್’ ಎಂಬ ಪುಸ್ತಕದಲ್ಲಿ ಗೊಂಬೆ ಸೈನಿಕರ ಯುದ್ಧದಾಟಕ್ಕೆ ನಿಯಮಗಳನ್ನು ಬರೆದಿದ್ದರು. ಇಂದು ಎರಡನೇ ಮಹಾಯುದ್ಧದ ಆಟಗಳಿಗೆ ಬಳಕೆಯಲ್ಲಿರುವ ನಿಯಮಾವಳಿಗಳಲ್ಲಿ 2012ರಲ್ಲಿ ಬಂದ ‘ಬೋಲ್ಟ್ ಆ್ಯಕ್ಷನ್’ ಹೆಸರಾದದ್ದು. ಈ ಆಟಗಳಲ್ಲಿ ಪ್ಯಾರಾಟ್ರೂಪರ್‌ಗಳೆಂದರೆ ಹಲವರಿಗೆ ಅಚ್ಚುಮೆಚ್ಚು: ತುಕಡಿ ಚಿಕ್ಕದು, ಕಾದಾಟ ದೊಡ್ಡದು, ಸಮವಸ್ತ್ರ ಚೆಂದ. ಆದರೆ ಈಗ ಬಣ್ಣ ಬಳಿಯುವವರಲ್ಲಿ ಅನೇಕರು ಆಟಕ್ಕಿಂತ ಹೆಚ್ಚಾಗಿ ಫೋಟೋಗಾಗಿ ಬಳಿಯುತ್ತಿದ್ದಾರೆ. ಇದರಿಂದ ಈ ಕಲೆ ಗಳಿಸಿದ್ದೇನು, ಕಳೆದುಕೊಂಡದ್ದೇನು ಎಂದು ಕೇಳಿಕೊಳ್ಳುವ ಹೊತ್ತು ಬಂದಿದೆ.

ಮೊದಲು ದೂರದ ಲೆಕ್ಕ ನೋಡೋಣ. 28 ಮಿಲಿಮೀಟರಿನ ಗೊಂಬೆ ಆಳಿನ ಐವತ್ತಾರನೇ ಒಂದು ಪಾಲು. ಆಡುವಾಗ ಅದು ನಮ್ಮ ಕಣ್ಣಿಂದ ಸುಮಾರು ಅರವತ್ತು ಸೆಂಟಿಮೀಟರ್ ದೂರದಲ್ಲಿರುತ್ತದೆ. ಈ ದೂರವನ್ನು 56ರಿಂದ ಗುಣಿಸಿದರೆ 34 ಮೀಟರ್‌ನಷ್ಟಾಗುತ್ತದೆ. ಬೀದಿಯ ಆ ಕೊನೆಯಲ್ಲಿ ನಿಂತವನನ್ನು ಈ ಕೊನೆಯಿಂದ ನೋಡಿದ ಹಾಗೆ. ಅಷ್ಟು ದೂರದವನ ಕಣ್ಣಿನ ಬಿಳುಪು ನಮಗೆ ಕಾಣುವುದಿಲ್ಲ. ಹೆಲ್ಮೆಟ್ಟಿನ ಅಂಚಿನ ಕೆಳಗೊಂದು ನೆರಳು, ಕೆನ್ನೆಯ ಮೇಲೊಂದು ಬೆಳಕು, ಹೆಗಲ ಬಾಗು, ಇಷ್ಟೇ ಕಾಣುತ್ತದೆ. ಇಷ್ಟರಿಂದಲೇ ಅವನು ದಣಿದಿದ್ದಾನೋ ಎಚ್ಚರವಾಗಿದ್ದಾನೋ ಎಂದು ನಮಗೆ ತಿಳಿಯುತ್ತದೆ. ಒಳ್ಳೆಯ ಬಣ್ಣಗಾರ ಬಳಿಯುವುದೂ ಇಷ್ಟನ್ನೇ. ಗೊಂಬೆಯ ಅಂಗಿಯ ಮಡಿಕೆ ಅರ್ಧ ಮಿಲಿಮೀಟರ್ ಆಳವೂ ಇರುವುದಿಲ್ಲ. ಅಲ್ಲಿ ನೆರಳು ತಾನಾಗಿ ಬಂದು ಕೂರುವುದಿಲ್ಲ, ಅದನ್ನೂ ಬಳಿಯಬೇಕು. ಹಾಗಾಗಿ ಬಟ್ಟೆಯ ಬಣ್ಣದ ಜೊತೆಗೆ ಬಟ್ಟೆಯ ಮೇಲೆ ಬಿದ್ದ ಬಿಸಿಲನ್ನೂ ಕುಂಚದಿಂದಲೇ ತರಬೇಕಾಗುತ್ತದೆ. ಈ ಕಲೆಯ ತಿರುಳು ಇಲ್ಲಿದೆ.

ಡೆನಿಸನ್ ಸ್ಮಾಕ್ ಬಳಿಯುವ ಕ್ರಮ ಕೇಳಲು ಸರಳ. ಪ್ರೈಮರ್ ಹಾಕಿ, ಮರಳು ಬಣ್ಣ ಕೊಟ್ಟು, ಹಸಿರು ಪಟ್ಟೆ ಎಳೆದು, ಅದರ ಮೇಲೆ ಅಲ್ಲಲ್ಲಿ ಕಂದು ಹಾಯಿಸಿ, ಕೊನೆಗೆ ತೆಳುವಾದ ಕಂದು ವಾಷ್ ಹರಿಸುತ್ತಾರೆ. ವಾಷ್ ಮಡಿಕೆಗಳಲ್ಲಿ ಇಳಿದು ಮೂರೂ ಬಣ್ಣಗಳನ್ನು ಒಂದೇ ಬಟ್ಟೆಗೆ ಸೇರಿಸುತ್ತದೆ. ವಾದ ಏಳುವುದು ಯಾವ ಹಸಿರು, ಯಾವ ಕಂದು ಎಂಬಲ್ಲಿ. ಯುದ್ಧಕಾಲದ ಚಿತ್ರಗಳಲ್ಲಿ ಬಹುಪಾಲು ಕಪ್ಪುಬಿಳುಪಿನವು. ಸಂಗ್ರಹಾಲಯಗಳಲ್ಲಿ ಉಳಿದ ಅಂಗಿಗಳು ಹಲವು ದಶಕಗಳ ಬೆಳಕು, ಧೂಳು ಕುಡಿದು ಮಾಸಿವೆ. ‘ಸರಿಯಾದ ಬಣ್ಣ’ ಎಂದು ಹಟ ಹಿಡಿಯುವವರು ಹಲವು ಸಲ ಮಾಸಿದ ಬಣ್ಣವನ್ನೇ ನಿಷ್ಠೆಯಿಂದ ನಕಲು ಮಾಡುತ್ತಿರುತ್ತಾರೆ. ನನ್ನ ಅಳತೆಗೋಲು ಬೇರೆ. ಒಂದು ತುಕಡಿಯ ಹತ್ತು ಜನರಲ್ಲಿ ಯಾವ ಇಬ್ಬರ ಅಂಗಿಯೂ ಒಂದೇ ಥರ ಇರಬಾರದು. ಒಬ್ಬನದು ಹೊಸದು, ಇನ್ನೊಬ್ಬನದು ಒಗೆದೊಗೆದು ಬೆಳ್ಳಗಾದದ್ದು, ಮತ್ತೊಬ್ಬನ ಮೊಣಕೈಗೆ ಕೆಸರು. ಹಸಿರು ತುಸು ತಪ್ಪಿದರೂ ಈ ಭೇದಗಳಿದ್ದರೆ ಅಲ್ಲಿ ಹತ್ತು ಜನ ಕಾಣುತ್ತಾರೆ. ಇಲ್ಲದಿದ್ದರೆ ಒಬ್ಬನೇ ಹತ್ತು ಸಲ ಕಾಣುತ್ತಾನೆ.

ಟೋಪಿಯ ವಿಷಯದಲ್ಲಿ ನನಗೆ ನೇರ ಆಕ್ಷೇಪವಿದೆ. ಕೆಂಗಂದು ಬೆರೆ ಟೋಪಿ ಪ್ಯಾರಾಟ್ರೂಪರ್‌ಗಳ ಹೆಮ್ಮೆಯ ಗುರುತು, ನಿಜ. ಆದರೆ ನೆದರ್‌ಲ್ಯಾಂಡ್ಸ್‌ನ ಆರ್ನ್‌ಹೆಮ್‌ನಲ್ಲಿ 1944ರಲ್ಲಿ ನಡೆದ ಕಾಳಗದ ಚಿತ್ರಗಳಲ್ಲಿ ಹೆಚ್ಚಿನ ತಲೆಗಳ ಮೇಲೆ ಇರುವುದು ಬಲೆ ಹೊದಿಸಿದ ಉಕ್ಕಿನ ಹೆಲ್ಮೆಟ್. ಗೊಂಬೆಗಳ ಪೆಟ್ಟಿಗೆಯಲ್ಲಿ ಎರಡೂ ಬಗೆಯ ತಲೆಗಳಿದ್ದರೆ ಕೈ ಬೆರೆಯತ್ತಲೇ ಹೋಗುತ್ತದೆ, ಏಕೆಂದರೆ ಹಸಿರು ಕಂದುಗಳ ನಡುವೆ ಆ ಕೆಂಪು ಫೋಟೋದಲ್ಲಿ ಎದ್ದು ಕಾಣುತ್ತದೆ. ಕ್ಯಾಮೆರಾ ಬಣ್ಣಗಾರನಿಗೆ ಆಜ್ಞೆ ಕೊಡತೊಡಗುವುದು ಹೀಗೆ.

ಕಣ್ಣುಗಳ ಮಾತೂ ಅದೇ. ಫೋನಿನ ಪರದೆಯಲ್ಲಿ ಗೊಂಬೆ ಐದು ಪಟ್ಟು ಹಿಗ್ಗಿ ನಿಲ್ಲುತ್ತದೆ. ಕುಂಚದ ಪ್ರತಿ ನಡುಕವೂ ಅಲ್ಲಿ ತಪ್ಪಾಗಿ ಕಾಣುತ್ತದೆ. ಅದಕ್ಕೆ ಹೆದರಿ ಬಣ್ಣಗಾರರು ಕಣ್ಣಿಗೆ ಬಿಳಿ ಚುಕ್ಕೆ, ಅದರೊಳಗೆ ಕರಿ ಚುಕ್ಕೆ, ಪ್ರತಿ ಗುಂಡಿಗೂ ಒಂದು ಗೆರೆ, ಪ್ರತಿ ಅಂಚಿಗೂ ಒಂದು ಮಿಂಚು ಕೊಡುತ್ತಾರೆ. ಫೋಟೋದಲ್ಲಿ ಮೆಚ್ಚುಗೆ ಗಿಟ್ಟಿಸುವ ಇದೇ ಗೊಂಬೆಯನ್ನು ಮೇಜಿನ ಮೇಲಿಟ್ಟು ತೋಳಿನಳತೆಯಿಂದ ನೋಡಿದರೆ ಕಣ್ಣರಳಿಸಿ ಬೆಚ್ಚಿಬಿದ್ದವನಂತೆ ಕಾಣುತ್ತದೆ. ಕೈಚಳಕ ದೊಡ್ಡದೇ. ಆದರೆ ಅದು 34 ಮೀಟರ್ ದೂರದ ಮನುಷ್ಯನನ್ನು ಮರೆತ ಕೈಚಳಕ.

ಫೋಟೋ ತೆಗೆಯುವವರು ಸಾಮಾನ್ಯವಾಗಿ ಗಮನಿಸದ ಇನ್ನೊಂದು ತೊಡಕಿದೆ. ಬಣ್ಣಗಾರ ಹೆಗಲು, ಹೆಲ್ಮೆಟ್, ಮೂಗಿನ ತುದಿಗಳನ್ನು ತಿಳಿಯಾಗಿಸಿ ನೆತ್ತಿಯ ಮೇಲಿನ ಬಿಸಿಲನ್ನು ಬಳಿದಿರುತ್ತಾನೆ. ಫೋಟೋಗೆ ದೀಪವನ್ನು ಪಕ್ಕದಿಂದ ಹಿಡಿದರೆ ಒಬ್ಬ ಸೈನಿಕನ ಮೇಲೆ ಎರಡು ಸೂರ್ಯರು ಬೆಳಗುತ್ತಾರೆ. ನೋಡುಗನಿಗೆ ಎಲ್ಲಿ ತಪ್ಪಿದೆ ಎಂದು ಹೇಳಲಾಗದು, ಗೊಂಬೆ ಗೊಂಬೆಯಾಗಿಯೇ ಉಳಿಯಿತು ಎಂಬುದಷ್ಟೇ ತಿಳಿಯುತ್ತದೆ. ದೀಪವನ್ನು ಮೇಲಿಟ್ಟು, ತೆಳು ಬಿಳಿ ಬಟ್ಟೆಯಿಂದ ಮೆತ್ತಗಾಗಿಸಿದರೆ ಬಳಿದ ಬೆಳಕು, ಬಿದ್ದ ಬೆಳಕು ಒಂದಾಗುತ್ತವೆ. ಲೆನ್ಸ್ ತೀರ ಹತ್ತಿರ ಹೋದರೆ ಮೂಗು ಸ್ಪಷ್ಟ, ಬೆನ್ನಚೀಲ ಮಸುಕು. ಇದೂ ಗೊಂಬೆಯ ಗುಟ್ಟನ್ನು ಬಯಲು ಮಾಡುತ್ತದೆ. ತುಸು ಹಿಂದೆ ಸರಿದು, ಅಪರ್ಚರ್ ಕಿರಿದು ಮಾಡಿ ತೆಗೆದು, ಆಮೇಲೆ ಕತ್ತರಿಸಿಕೊಳ್ಳುವುದು ಮೇಲು.

ಆದರೆ ಎಲ್ಲವೂ ಸ್ಪಷ್ಟವಾಗಿರುವುದೇ ಸತ್ಯವೇ? ಅಮೆರಿಕದ ಛಾಯಾಗ್ರಾಹಕ ಡೇವಿಡ್ ಲೆವಿಂತಾಲ್ 1977ರಲ್ಲಿ ಗ್ಯಾರಿ ಟ್ರುಡೋ ಜೊತೆ ಸೇರಿ ‘ಹಿಟ್ಲರ್ ಮೂವ್ಸ್ ಈಸ್ಟ್’ ಎಂಬ ಪುಸ್ತಕ ತಂದರು. ಆಟಿಕೆ ಸೈನಿಕರನ್ನಿಟ್ಟು ರಷ್ಯಾದ ರಣರಂಗವನ್ನು ಚಿತ್ರಿಸಿದ ಪುಸ್ತಕ ಅದು. ಅಲ್ಲಿ ಬಹುಪಾಲು ಮಸುಕು: ಹೊಗೆ, ಮಂಜು, ಚಲನೆಯಲ್ಲಿ ಕರಗಿದ ಅಂಚುಗಳು. ಗೊಂಬೆಗಳ ಬಣ್ಣಗಾರಿಕೆಯಂತೂ ಗಣನೆಗೇ ಇಲ್ಲ. ಆದರೂ ಆ ಪುಟಗಳಲ್ಲಿ ಭಯವಿದೆ, ಏಕೆಂದರೆ ಕಾಳಗದ ನಡುವೆ ಸಿಕ್ಕಿದವನಿಗೆ ಕಾಣುವುದೂ ಅಷ್ಟೇ. ಹವ್ಯಾಸಿಗಳು ಲೆವಿಂತಾಲ್‌ರನ್ನು ಅನುಕರಿಸಬೇಕೆಂದು ನಾನು ಹೇಳುತ್ತಿಲ್ಲ. ವಾರಗಟ್ಟಲೆ ಬಳಿದದ್ದನ್ನು ಮಸುಕಿನಲ್ಲಿ ಮುಚ್ಚಲು ಯಾರಿಗೂ ಮನಸ್ಸು ಬಾರದು. ಆದರೆ ಚಿತ್ರದಲ್ಲಿ ಏನನ್ನು ಕಾಣಿಸಬೇಕು ಎಂದು ಯೋಚಿಸಿದಷ್ಟೇ ಏನನ್ನು ಮರೆಮಾಡಬೇಕು ಎಂದೂ ಯೋಚಿಸುವುದನ್ನು ಅವರಿಂದ ಕಲಿಯಬಹುದು.

ಆರ್ನ್‌ಹೆಮ್‌ನ ಕಥೆಗೆ ಈ ಪಾಠ ಬೇಕೇ ಬೇಕು. 1944ರ ಸೆಪ್ಟೆಂಬರ್ 17ರಿಂದ ನೆದರ್‌ಲ್ಯಾಂಡ್ಸ್‌ನಲ್ಲಿ ಇಳಿದ ಬ್ರಿಟಿಷರ ಒಂದನೇ ಏರ್‌ಬೋರ್ನ್ ಡಿವಿಷನ್ನಿನ ಸುಮಾರು 10,000 ಮಂದಿಯಲ್ಲಿ ಸೆಪ್ಟೆಂಬರ್ 25ರ ರಾತ್ರಿ ರೈನ್ ನದಿ ದಾಟಿ ಮರಳಿದವರು ಸುಮಾರು 2,400. ಸತ್ತವರು 1,500ಕ್ಕೆ ಹತ್ತಿರ, ಸೆರೆಸಿಕ್ಕವರು 6,000ಕ್ಕೂ ಹೆಚ್ಚು. ಜಾನ್ ಫ್ರಾಸ್ಟ್ ನಾಯಕತ್ವದಲ್ಲಿ ಆ ನದಿಯ ಮೇಲಿನ ಆರ್ನ್‌ಹೆಮ್ ಸೇತುವೆಯ ಉತ್ತರದ ತುದಿ ಹಿಡಿದದ್ದು 740ರಷ್ಟು ಜನ. ರೇಡಿಯೊಗಳು ಕೈಕೊಟ್ಟವು. ಡಿವಿಷನ್ನಿನ ದಂಡನಾಯಕ ರಾಯ್ ಅರ್ಕ್ಹಾರ್ಟ್ ಅವರೇ ಶತ್ರುಗಳ ನಡುವೆ ಸಿಕ್ಕಿ ಒಂದು ಮನೆಯ ಅಟ್ಟದಲ್ಲಿ ಅಡಗಿ ಕೂರಬೇಕಾಯಿತು. ಡಿವಿಷನ್ನಿನ ಪಾಲಿನ ಮದ್ದುಗುಂಡು, ಆಹಾರದ ಬಹುಭಾಗ ಆಕಾಶದಿಂದ ಬಂದು ಜರ್ಮನ್ನರ ಕೈಗೆ ಬಿತ್ತು. ಕಾಯುವುದು, ಬಾಯಾರುವುದು, ಗುಂಡು ಎಣಿಸಿ ಇಟ್ಟುಕೊಳ್ಳುವುದು: ಆರ್ನ್‌ಹೆಮ್ ಎಂದರೆ ಬಹುಮಟ್ಟಿಗೆ ಇದು. ನಮ್ಮ ಗೊಂಬೆಗಳಾದರೋ ಬಂದೂಕು ಎತ್ತಿ ಓಡುತ್ತಿರುತ್ತವೆ. ಶಿಲ್ಪಿಗಳು ಕೊಟ್ಟ ಭಂಗಿಯನ್ನು ಬಣ್ಣಗಾರರು ಪ್ರಶ್ನಿಸುವುದು ಕಡಿಮೆ. ಗಾಯಗೊಂಡವನ, ಕೂತವನ, ಸ್ಟ್ರೆಚರ್ ಹೊತ್ತವನ ಗೊಂಬೆಗಳು ಸಿಗುತ್ತವೆ, ಆದರೆ ಆಟದಲ್ಲಿ ಅವಕ್ಕೆ ಅಂಕವಿಲ್ಲ, ಫೋಟೋದಲ್ಲಿ ರಭಸವಿಲ್ಲ ಎಂದು ಹಿಂದುಳಿಯುತ್ತವೆ. ಇದು ಈ ಹವ್ಯಾಸದ ದೊಡ್ಡ ಕೊರತೆ.

ಇನ್ನೊಂದು ಕೊರತೆ ನಮ್ಮ ಹತ್ತಿರದ್ದು. ಅದೇ 1944ರ ಮಾರ್ಚ್‌ನಲ್ಲಿ ಮಣಿಪುರದ ಸಾಂಗ್‌ಶಾಕ್ ಎಂಬ ಬೆಟ್ಟದ ಹಳ್ಳಿಯಲ್ಲಿ 50ನೇ ಇಂಡಿಯನ್ ಪ್ಯಾರಾಚೂಟ್ ಬ್ರಿಗೇಡ್ ಕೊಹಿಮಾದತ್ತ ಹೊರಟಿದ್ದ ಜಪಾನಿ ಪಡೆಯನ್ನು ತಡೆದು ನಿಂತಿತು. ವಿಮಾನದಿಂದ ಧುಮುಕಲು ತರಬೇತಿ ಪಡೆದ ಭಾರತೀಯರು, ಗೂರ್ಖಾಗಳು ಅಲ್ಲಿ ಕಾಲಾಳುಗಳಾಗಿ ಕಾದಾಡಿದರು. ಬೆಟ್ಟದ ಮೇಲೆ ನೀರಿಲ್ಲ. ವಿಮಾನದಿಂದ ಬೀಳಿಸಿದ ಸಾಮಗ್ರಿಯ ಬಹುಪಾಲು ಇಲ್ಲಿಯೂ ಶತ್ರುವಿನ ಕಡೆಗೇ ಬಿತ್ತು. ಆರ್ನ್‌ಹೆಮ್‌ಗೆ ಆರು ತಿಂಗಳು ಮುಂಚೆಯೇ ನಡೆದ ಅದೇ ಸಂಕಟ. ಆದರೂ ಮೇಜಿನ ಮೇಲೆ ಸಾಂಗ್‌ಶಾಕ್ ಕಾಣುವುದು ಬಲು ಅಪರೂಪ. ಭಾರತದ ಪ್ಯಾರಾಚೂಟ್ ರೆಜಿಮೆಂಟಿನ ತರಬೇತಿ ಕೇಂದ್ರ ಇಂದು ಬೆಂಗಳೂರಿನಲ್ಲಿದೆ; ಕೆಂಗಂದು ಟೋಪಿ ಇಲ್ಲಿಯವರಿಗೆ ಪರಿಚಿತ. ನಮ್ಮಲ್ಲಿ ಕುಂಚ ಹಿಡಿದವರು ಈ ಕೆಲಸಕ್ಕೆ ಕೈ ಹಾಕಬೇಕು. ಮೈಬಣ್ಣದಿಂದಲೇ ಕಲಿಕೆ ಶುರುವಾಗುತ್ತದೆ. ಬಿಳಿ ಚರ್ಮಕ್ಕೆ ಮಾಡುವಂತೆ ಕಂದಿಗೆ ಬಿಳಿ ಬೆರೆಸಿ ತಿಳಿಯಾಗಿಸಿದರೆ ಮುಖ ಬೂದಿ ಹಚ್ಚಿದಂತಾಗುತ್ತದೆ. ಕಾವಿ, ಹಳದಿಗಳನ್ನು ಬೆರೆಸಿ ಏರಿಸಿದರೆ ಬಿಸಿಲುಂಡ ಚರ್ಮದ ಕಾಂತಿ ಬರುತ್ತದೆ.

ಇಷ್ಟೆಲ್ಲ ಹೇಳಿದ ಮೇಲೂ ಕ್ಯಾಮೆರಾವನ್ನು ದೂರವಿಡಿ ಎನ್ನಲಾರೆ, ಏಕೆಂದರೆ ಮೇಜು ಎಂದೂ ಕೊಡಲಾರದ ಒಂದನ್ನು ಅದು ಕೊಡಬಲ್ಲದು. ಆಡುವವರು ರಣರಂಗವನ್ನು ಮೇಲಿನಿಂದ ನೋಡುತ್ತಾರೆ. ಯಾವ ಗೋಡೆಯ ಹಿಂದೆ ಯಾರಿದ್ದಾರೆ, ಟ್ಯಾಂಕು ಯಾವ ಬೀದಿಗೆ ತಿರುಗಲಿದೆ, ಎಲ್ಲವೂ ಅವರಿಗೆ ಕಾಣುತ್ತದೆ. ಅಟ್ಟದಲ್ಲಿ ಅಡಗಿದ್ದ ದಂಡನಾಯಕನಿಗೂ ಆ ನೋಟ ಇರಲಿಲ್ಲ. ಆರ್ನ್‌ಹೆಮ್‌ಗೆ ಹೋಗಿದ್ದ ಸೇನಾ ಛಾಯಾಗ್ರಾಹಕರು, ಸಾರ್ಜೆಂಟ್‌ಗಳಾದ ಡೆನಿಸ್ ಸ್ಮಿತ್, ಗಾರ್ಡನ್ ವಾಕರ್, ಮೈಕ್ ಲೂಯಿಸ್, ಉಳಿದವರ ಹಾಗೆಯೇ ಗುಂಡಿಗಳಲ್ಲಿ ತಲೆ ತಗ್ಗಿಸಿ ಬದುಕಿದವರು. ಅವರ ಕ್ಯಾಮೆರಾ ಇದ್ದದ್ದು ಸೈನಿಕರ ಎತ್ತರದಲ್ಲೇ.

ಫೋನನ್ನು ತಲೆಕೆಳಗು ಮಾಡಿ, ಲೆನ್ಸ್ ಮೇಜಿಗೆ ತಾಗುವಂತೆ ಇಟ್ಟು, ತೋಟದ ಗೋಡೆಯ ಹಿಂದೆ ಕೂತ ಮೂವರು ಗೊಂಬೆ ಸೈನಿಕರ ಬೆನ್ನ ಹಿಂದಿನಿಂದ ಒಂದು ಚಿತ್ರ ತೆಗೆದು ನೋಡಿ. ಮಾಸಿದ ಮೂರು ಸ್ಮಾಕ್‌ಗಳು, ಕೆಸರಾದ ಮೊಣಕೈ, ಬಲೆ ಹೊದ್ದ ಹೆಲ್ಮೆಟ್‌ಗಳು, ಎದುರಿಗೆ ಇಟ್ಟಿಗೆಯ ಗೋಡೆ. ಗೋಡೆಯಾಚೆ ಏನಿದೆ ಎಂದು ಈಗ ನಿಮಗೆ ಕಾಣುವುದಿಲ್ಲ. ಅವರಿಗೂ ಕಾಣುತ್ತಿರಲಿಲ್ಲ.