ವಸಂತದ ಬೆನ್ನು ಹತ್ತಿದ ಸೈಕಲ್ಲು

1913ರಲ್ಲಿ ಗುಡ್ ಫ್ರೈಡೇ ಮಾರ್ಚ್ 21ಕ್ಕೇ ಬಂದಿತ್ತು. ಇಂಗ್ಲೆಂಡಿನಲ್ಲಿ ಆ ಹೊತ್ತಿಗೆ ಚಳಿ ಪೂರ್ತಿ ಹೋಗಿರುವುದಿಲ್ಲ, ಮರಗಳಿನ್ನೂ ಬೋಳು. ಆ ದಿನ ಎಡ್ವರ್ಡ್ ಥಾಮಸ್ ಎಂಬ ಮೂವತ್ತೈದರ ಬರಹಗಾರ ದಕ್ಷಿಣ ಲಂಡನ್ನಿನಿಂದ ಸೈಕಲ್ ಏರಿ ಪಶ್ಚಿಮಕ್ಕೆ ಹೊರಟ. ಗಿಲ್ಡ್‌ಫರ್ಡ್ ಕಳೆದು, ಸಾಲಿಸ್‌ಬರಿ ಬಯಲು ದಾಟಿ, ಸಾಮರ್‌ಸೆಟ್‌ನ ಕ್ವಾಂಟಾಕ್ ಗುಡ್ಡಗಳಿಗೆ ಹೋಗಿ ಸೇರಿದ. ಇನ್ನೂರು ಕಿಲೋಮೀಟರಿಗೂ ಹೆಚ್ಚಿನ ದಾರಿ. ಉದ್ದೇಶ ಒಂದೇ: ವಸಂತ ಬರುವತನಕ ಕಾಯುವ ಬದಲು ತಾನೇ ಹೋಗಿ ಅದನ್ನು ಎದುರುಗೊಳ್ಳುವುದು. ಮರುವರ್ಷ ಬಂದ ‘ಇನ್ ಪರ್ಸ್ಯೂಟ್ ಆಫ್ ಸ್ಪ್ರಿಂಗ್’ ಈ ಸವಾರಿಯ ಪುಸ್ತಕ.

ಇಂದು ಈ ಪುಸ್ತಕವನ್ನು ನೆನೆಯುವವರು ಬಹುಮಟ್ಟಿಗೆ ರಾಬರ್ಟ್ ಫ್ರಾಸ್ಟ್ ಮೂಲಕ ನೆನೆಯುತ್ತಾರೆ. ಇದರ ಕೆಲವು ಭಾಗಗಳನ್ನು ತೋರಿಸಿ, ಇದೇ ಲಯದಲ್ಲಿ ಪದ್ಯ ಬರೆ ಎಂದು ಫ್ರಾಸ್ಟ್ ಗೆಳೆಯನಿಗೆ ಹೇಳಿದ. 1914ರ ಡಿಸೆಂಬರಿನಲ್ಲಿ ಥಾಮಸ್ ಪದ್ಯಕ್ಕೆ ಕೈ ಹಾಕಿದ. 1917ರ ಏಪ್ರಿಲ್ 9ರಂದು ಅರಾಸ್ ಯುದ್ಧದಲ್ಲಿ ಸತ್ತ. ಹಾಗಾಗಿ ವಿಮರ್ಶಕರಿಗೆ ಈ ಗದ್ಯವೆಂದರೆ ಕವಿಯ ಮನೆಯ ಜಗಲಿ. ಒಳಗೆ ಹೋಗುವ ಅವಸರದಲ್ಲಿ ಯಾರೂ ಇಲ್ಲಿ ಕೂರುವುದಿಲ್ಲ. ನನಗೆ ಈ ಓದು ಸಾಲದು. ಸೈಕಲ್ ತುಳಿಯುವವನ ಮೈಗೆ ಹವಾಮಾನ ಹೇಗೆ ತಾಗುತ್ತದೆ ಎಂಬುದನ್ನು ಇಷ್ಟು ಚೆನ್ನಾಗಿ ಹಿಡಿದ ಇನ್ನೊಂದು ಪುಸ್ತಕವನ್ನು ನಾನು ಓದಿಲ್ಲ.

ವಿಚಿತ್ರವೆಂದರೆ, ಇದರಲ್ಲಿ ಸೈಕಲ್ಲಿನ ಮಾತೇ ಕಡಿಮೆ. ಯಂತ್ರದ ಬಣ್ಣನೆಯಿಲ್ಲ, ಎಷ್ಟು ಹೊತ್ತಿಗೆ ಎಷ್ಟು ದೂರ ಎಂಬ ಜಂಭವಿಲ್ಲ. ಸೈಕಲ್ ಇರುವುದು ವಾಕ್ಯದ ನಡಿಗೆಯಲ್ಲಿ. ಕಾಲ್ನಡಿಗೆಯವನು ಮಳೆ ಬಂದರೆ ಮರದ ಕೆಳಗೆ ನಿಲ್ಲುತ್ತಾನೆ, ರೈಲಿನವನು ಗಾಜು ಎಳೆದುಕೊಳ್ಳುತ್ತಾನೆ. ಸೈಕಲ್ಲಿನವನು ಒಂದು ತಾಸಿನಲ್ಲಿ ಬಿಸಿಲು, ಹನಿ, ಮತ್ತೆ ಬಿಸಿಲು ಮೂರನ್ನೂ ಹಾಯ್ದು ಹೋಗುತ್ತಾನೆ. ಮೇಲಾಗಿ ಇಂಗ್ಲೆಂಡಿನಲ್ಲಿ ಗಾಳಿ ಹೆಚ್ಚಾಗಿ ಬೀಸುವುದು ನೈಋತ್ಯದಿಂದ. ಪಶ್ಚಿಮಕ್ಕೆ ಹೊರಟವನಿಗೆ ಅದು ಎದುರುಗಾಳಿ. ಥಾಮಸ್‌ನ ಉದ್ದುದ್ದ ವಾಕ್ಯಗಳು ಈ ಗಾಳಿಗೆ ಎದೆಕೊಟ್ಟಂತೆ ಸಾಗುತ್ತವೆ. ಬೇಲಿ, ಉತ್ತ ಹೊಲ, ಇಗರ್ಜಿಯ ಗೋಪುರ, ಹಕ್ಕಿಯ ದನಿ ಒಂದರ ಹಿಂದೊಂದು ಬರುತ್ತವೆ. ಯಾವುದರ ಮುಂದೆಯೂ ಅವನು ಬಹಳ ಹೊತ್ತು ನಿಲ್ಲುವುದಿಲ್ಲ. ಯಾವುದೂ ಮಸುಕಾಗುವಷ್ಟು ವೇಗವೂ ಅವನದಲ್ಲ.

ಮಳೆಯ ವಿಷಯದಲ್ಲಿ ಕನ್ನಡ ಬಡವಲ್ಲ. ಕುವೆಂಪು ಅವರ ‘ಮಲೆನಾಡಿನ ಚಿತ್ರಗಳು’ ಒಂದೇ ಸಾಕು ಸಾಕ್ಷಿಗೆ. ಆದರೆ ನಮ್ಮ ಗದ್ಯದಲ್ಲಿ ಮಳೆ ಹೆಚ್ಚಾಗಿ ನಿಂತವರ ಮೇಲೆ ಬರುತ್ತದೆ: ಅಂಗಳದಲ್ಲಿ, ಗದ್ದೆಯಲ್ಲಿ, ಜಗಲಿಯಲ್ಲಿ. ಮಳೆಯೊಳಕ್ಕೆ ತಾನೇ ನುಗ್ಗಿ ಆಚೆ ಬದಿಯಿಂದ ಹೊರಬರುವ ಅನುಭವ ಬೇರೆ, ಅದಕ್ಕೆ ಬೇಕಾದ ಗದ್ಯವೂ ಬೇರೆ.

ಈ ದಾರಿಯಲ್ಲಿ ಥಾಮಸ್‌ಗೆ ‘ಇನ್ನೊಬ್ಬ’ ಸಿಗುತ್ತಾನೆ, ಅವನೂ ಸೈಕಲ್ ಸವಾರನೇ. ಪಂಜರದ ಪುಟ್ಟ ಹಾಡುಹಕ್ಕಿಯೊಂದನ್ನು ಕೊಂಡು ಹಾರಿಬಿಡುತ್ತಾನೆ; ಗೋಪುರದ ಮೇಲಿನ ಗಾಳಿಕೋಳಿಗಳ ಚಿತ್ರ ಬರೆಯುತ್ತಾನೆ; ಮತ್ತೆ ಮತ್ತೆ ಎದುರಾಗಿ, ಸಾಕಪ್ಪಾ ಅನ್ನುವಷ್ಟು ಮಾತಾಡುತ್ತಾನೆ. ಅವನು ಥಾಮಸನೇ ಎಂದು ಓದುಗನಿಗೆ ಬೇಗ ಹೊಳೆಯುತ್ತದೆ. ಇದನ್ನು ಬರೇ ಚಮತ್ಕಾರ ಎನ್ನಲಾರೆ. ಥಾಮಸ್ ಹೊಟ್ಟೆಪಾಡಿಗೆ ಪುಸ್ತಕದ ಮೇಲೆ ಪುಸ್ತಕ ಬರೆದವನು, ಖಿನ್ನತೆಯಿಂದ ವರ್ಷಗಟ್ಟಲೆ ಬಳಲಿದವನು. ಈ ವಿಹಾರವೂ ಅವನಿಗೆ ಬರೆದು ಮುಗಿಸಬೇಕಾದ ಕೆಲಸವೇ. ದಾರಿಯುದ್ದಕ್ಕೂ ಟಿಪ್ಪಣಿ ಬರೆದುಕೊಳ್ಳುವ ತನ್ನನ್ನೇ ಹೊರಗಿಟ್ಟು ನೋಡಿ ರೇಗಿಕೊಳ್ಳಲು ಅವನಿಗೊಂದು ಆಳು ಬೇಕಿತ್ತು.

ಕೆಲಸದ ಭಾರ ಪುಸ್ತಕವನ್ನು ಕೆಡಿಸಿದ್ದೂ ಉಂಟು. ‘ಮೂವರು ವೆಸೆಕ್ಸ್ ಕವಿಗಳು’ ಅಧ್ಯಾಯ ಬಂದೊಡನೆ ಸೈಕಲ್ ಗೋಡೆಗೆ ಒರಗುತ್ತದೆ, ಗ್ರಂಥಾಲಯದ ಬಾಗಿಲು ತೆರೆಯುತ್ತದೆ. ಕಾಳು ಬಡಿಯುವ ಕೂಲಿಯಾಗಿದ್ದ ಸ್ಟೀಫನ್ ಡಕ್, ಡಾರ್ಸೆಟ್ ಆಡುನುಡಿಯಲ್ಲಿ ಬರೆದ ವಿಲಿಯಂ ಬಾರ್ನ್ಸ್, ಜೊತೆಗೆ ಹಾರ್ಡಿ. ಬಾರ್ನ್ಸ್ ಬಗ್ಗೆ ಓದುವಾಗ ಧಾರವಾಡದ ಕಡೆಯವರ ಕಿವಿ ನಿಮಿರುವುದು ಸಹಜ. ಆದರೂ ಇದು ಪುಟ ತುಂಬಿಸುವ ಬರಹ. ಗೋರಿಕಲ್ಲಿನ ಬರಹಗಳನ್ನು ನಕಲು ಮಾಡಿಕೊಳ್ಳುವ ಕಡೆಯೂ ಅಷ್ಟೇ, ನಾನು ಹಾಳೆ ಮಗುಚಿದೆ.

ಹೀಗಿದ್ದೂ ಇದನ್ನು ಈಗ ಓದಬೇಕು ಎನ್ನಲು ಕಾರಣವಿದೆ. ಪುಣೆಯಲ್ಲಿ ಭಾನುವಾರ ನಸುಕಿಗೆ ಸಿಂಹಗಡದ ಕಡೆ, ಚೆನ್ನೈಯಲ್ಲಿ ಈಸ್ಟ್ ಕೋಸ್ಟ್ ರಸ್ತೆಯ ಕಡೆ ಹೊರಡುವವರಲ್ಲಿ ನಮ್ಮವರೂ ಇದ್ದಾರೆ. ವಾರವಿಡೀ ಅಂಕಿಗಳ ನಡುವೆ ಬೆಂದವರು ಅದರಿಂದ ಬಿಡಿಸಿಕೊಳ್ಳಲೆಂದೇ ತುಳಿಯುತ್ತಾರೆ. ಮನೆಗೆ ಬಂದು ಬರೆಯುವುದು ಮಾತ್ರ ಮತ್ತೆ ಅಂಕಿಯನ್ನೇ: ಇಷ್ಟು ಕಿಲೋಮೀಟರ್, ಇಷ್ಟು ಏರು, ಇಷ್ಟು ಸರಾಸರಿ. ಜೂನಿನ ಮೊದಲ ಮೋಡ ಸಹ್ಯಾದ್ರಿಯ ಮೈಮೇಲೆ ಇಳಿದದ್ದು, ಘಟ್ಟದ ತಿರುವಿನಲ್ಲಿ ಎದುರಿನ ದಾರಿ ಅಳಿಸಿಹೋದದ್ದು, ‘ಸ್ವಲ್ಪ ಮಳೆ ಇತ್ತು’ ಎಂಬ ಮೂರು ಪದಕ್ಕೆ ಮುಗಿಯುತ್ತದೆ. ನಾನೂ ಹಾಗೇ ಬರೆದವನು, ದೂರ ನಿಂತು ಹೇಳುತ್ತಿಲ್ಲ. ನಮ್ಮ ಜೊತೆಗೂ ಒಬ್ಬ ‘ಇನ್ನೊಬ್ಬ’ ತುಳಿಯುತ್ತಿರುತ್ತಾನೆ, ಹ್ಯಾಂಡಲಿಗೆ ಸಿಕ್ಕಿಸಿದ ಫೋನಿನಲ್ಲಿ. ಥಾಮಸ್ ಅವನನ್ನು ಗುರುತಿಸಿದ, ಜಗಳವಾಡಿದ, ಪುಸ್ತಕದೊಳಕ್ಕೇ ಎಳೆದು ತಂದ. ನಾವು ಅವನ ಕೈಗೆ ಲೇಖನಿಯನ್ನೇ ಕೊಟ್ಟುಬಿಟ್ಟಿದ್ದೇವೆ.

ಕೊನೆಯ ಅಧ್ಯಾಯದ ಹೆಸರು ‘ಚಳಿಗಾಲದ ಗೋರಿ’. ಕ್ವಾಂಟಾಕ್ ಗುಡ್ಡದಲ್ಲಿ ಅವನಿಗೆ ಹೂಗಳು ಸಿಗುತ್ತವೆ. ಗಿಡದಲ್ಲಿ ಅರಳಿ ನಿಂತವಲ್ಲ, ಯಾರೋ ಕೊಯ್ದು ಬಿಟ್ಟುಹೋದ ನೀಲಿ, ಹಳದಿ ಹೂಗಳು. ಇಷ್ಟು ದೂರ ತುಳಿದು ಬಂದವನಿಗೆ ತನಗಿಂತ ಮೊದಲೇ ಯಾರೋ ವಸಂತವನ್ನು ಕಂಡು ಹೋಗಿದ್ದಾರೆಂದು ತಿಳಿಯುತ್ತದೆ. ಅವನು ಬೇಸರಿಸುವುದಿಲ್ಲ. ಅದನ್ನೇ ಚಳಿಗಾಲದ ಗೋರಿ ಎಂದು ಒಪ್ಪಿಕೊಂಡು ಪುಸ್ತಕ ಮುಗಿಸುತ್ತಾನೆ.