‘ತಲೆದಂಡ’ದೊಳಗಿನ ಬಸದಿ

ಕಲ್ಯಾಣದ ರಕ್ತಪಾತವನ್ನು ಕುರಿತು ಕನ್ನಡದಲ್ಲಿ ಬಂದ ನಾಟಕಗಳು ಒಂದೆರಡಲ್ಲ. ಪಿ. ಲಂಕೇಶರ ‘ಸಂಕ್ರಾಂತಿ’, ಎಚ್. ಎಸ್. ಶಿವಪ್ರಕಾಶರ ‘ಮಹಾಚೈತ್ರ’, ಗಿರೀಶ ಕಾರ್ನಾಡರ ‘ತಲೆದಂಡ’ ಈ ಮೂರೂ ಹನ್ನೆರಡನೆಯ ಶತಮಾನದ ಅದೇ ದುರಂತದ ಸುತ್ತ ಹೆಣೆದವು. ಉಡುಪಿಯ ‘ರಂಗಭೂಮಿ’ ಸಂಸ್ಥೆಯ ನಾಟಕ ಸ್ಪರ್ಧೆಗಳಿಂದ ಇಂಥ ನಾಟಕಗಳ ರುಚಿ ಹತ್ತಿದವರು ನಮ್ಮಲ್ಲಿ ಅನೇಕರಿದ್ದಾರೆ. ತಾಳಮದ್ದಳೆಯಲ್ಲಿ ಕೃಷ್ಣ ಕೌರವರ ಮಾತಿನೊಳಗೆ ಇಂದಿನ ರಾಜಕಾರಣವನ್ನು ಗುರುತಿಸಿ ನಗುವ ಕರಾವಳಿಯ ಪ್ರೇಕ್ಷಕನಿಗೆ, ಹಳೆಯ ಕತೆಯಲ್ಲಿ ಈ ಹೊತ್ತಿನ ಮಾತನ್ನು ಕೇಳಿಸಿಕೊಳ್ಳುವುದು ಹೊಸ ವಿದ್ಯೆಯೇನಲ್ಲ.

‘ತಲೆದಂಡ’ ರಚಿತವಾದದ್ದು 1989ರಲ್ಲಿ, ಅಚ್ಚಾದದ್ದು 1990ರಲ್ಲಿ. ಮಂದಿರದ ಚಳವಳಿಯೂ ಮಂಡಲ ವರದಿಯ ವಿವಾದವೂ ದೇಶವನ್ನು ಕಲಕುತ್ತಿದ್ದ ಕಾಲವದು. ಕೃತಿಗೆ 1994ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪುರಸ್ಕಾರ ದೊರೆಯಿತು. ವಿಮರ್ಶಕರು ಇದನ್ನು ಜಾತಿಯ ನಾಟಕವೆಂದೇ ಹೆಚ್ಚಾಗಿ ಓದಿದರು. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ನಡೆಯುವ ವಿವಾಹವೇ ಕಥೆಯ ನಡುಗಂಬವಾದ್ದರಿಂದ ಅದು ಸಹಜ. ಆದರೆ ಅದಕ್ಕೂ ಮುಂಚೆ ಒಂದು ಪ್ರಸಂಗವಿದೆ. ಬಸದಿಯೊಂದರ ವಿಷಯವಾಗಿ ಜಗದೇವನೆಂಬ ಯುವ ಶರಣ ತನ್ನ ಗುಂಪಿನೊಡನೆ ಕೆರಳಿ ನಿಲ್ಲುತ್ತಾನೆ. ಬಸವಣ್ಣ ಅಲ್ಲಿ ಹೋಗಿ ಆ ಹಿಂಸೆಯನ್ನು ತಡೆಯುತ್ತಾನೆ. ಅಯೋಧ್ಯೆಯ ಕಟ್ಟಡ ಉರುಳಿದ್ದು 1992ರ ಡಿಸೆಂಬರ್ 6ರಂದು. ನಾಟಕ ಅದಕ್ಕಿಂತ ಮೊದಲೇ ಬಂದಿತ್ತು. ಆದುದರಿಂದ ಇದನ್ನು ನಡೆದ ಘಟನೆಯ ಪ್ರತಿಬಿಂಬವೆನ್ನಲಾಗದು. ಗುಂಪಿನ ಮನಸ್ಸು ಕೆಡುವ ರೀತಿಯನ್ನು ಲೇಖಕ ಕಂಡುಕೊಂಡಿದ್ದ ಎನ್ನಬೇಕು.

ಈ ಪ್ರಸಂಗದ ಸತ್ತ್ವವಿರುವುದು ಒಂದೇ ಸಂಗತಿಯಲ್ಲಿ: ಉನ್ಮಾದ ಹುಟ್ಟುವುದು ಪೀಡಕರ ಪಾಳೆಯದಲ್ಲಲ್ಲ, ಮುಂದೆ ಪೀಡೆಗೆ ಗುರಿಯಾಗುವವರ ಒಳಗೇ. ಶರಣರನ್ನು ಕೊನೆಯಲ್ಲಿ ಅಟ್ಟಿ ಕೊಲ್ಲುವವರು ಸೋವಿದೇವನ ಆಳುಗಳು. ಆದರೆ ದೇವಾಲಯದಲ್ಲಿ ಬಿಜ್ಜಳನನ್ನು ಇರಿಯುವವನು ಅದೇ ಜಗದೇವ. ಬಸದಿಯ ಮುಂದೆ ಕೆರಳಿದ ಕೈಯೇ ಗರ್ಭಗುಡಿಯಲ್ಲಿ ಕತ್ತಿ ಹಿಡಿಯುತ್ತದೆ. ಮಡಿದವರನ್ನೆಲ್ಲ ಹುತಾತ್ಮರೆಂದು ಕೊಂಡಾಡಿ ಮುಗಿಸುವ ಸುಲಭದ ನಾಟಕ ಇದಲ್ಲ.

ಅಮೆರಿಕದ ಆರ್ಥರ್ ಮಿಲ್ಲರ್ 1953ರಲ್ಲಿ ಬರೆದ ‘ದಿ ಕ್ರೂಸಿಬಲ್’ ಈ ಜಾತಿಯ ನಾಟಕಗಳಿಗೆಲ್ಲ ಮಾದರಿಯೆಂದು ಹೆಸರಾದದ್ದು. 1692ರಲ್ಲಿ ಸೇಲಂ ಊರಿನಲ್ಲಿ ಮಾಟಗಾತಿಯರೆಂಬ ಆರೋಪದ ಮೇಲೆ ಹತ್ತೊಂಬತ್ತು ಜನರನ್ನು ನೇಣಿಗೇರಿಸಿದರು. ಒಬ್ಬ ಮುದುಕನನ್ನು ಕಲ್ಲು ಹೇರಿ ಕೊಂದರು. ಅಲ್ಲಿನ ಕ್ರಮ ವಿಚಿತ್ರ: ತಪ್ಪೊಪ್ಪಿಕೊಂಡವರು ಉಳಿದರು, ನಿರಪರಾಧಿಯೆಂದು ನಿಂತವರು ಸತ್ತರು. ಕಮ್ಯುನಿಸ್ಟರ ಬೇಟೆಗೆ ಹೊರಟ ತನ್ನ ಕಾಲದ ವಿಚಾರಣಾ ಸಮಿತಿಯೂ ಸ್ನೇಹಿತರ ಹೆಸರು ಹೇಳಿದರೆ ಬಿಡುತ್ತೇವೆ ಎನ್ನುತ್ತಿದ್ದುದನ್ನು ಮಿಲ್ಲರ್ ಕಂಡ. 1956ರಲ್ಲಿ ಅವನನ್ನೇ ಕರೆಸಿ ಕೇಳಿದರು, ಹೇಳಲಿಲ್ಲ. ಶಿಕ್ಷೆಯಾಯಿತು, 1958ರಲ್ಲಿ ರದ್ದಾಯಿತು. ಹೋಲಿಕೆ ಗಟ್ಟಿಯಾಗಿರುವುದು ಈ ಕ್ರಮದಲ್ಲಿ, ವೇಷಭೂಷಣದಲ್ಲಲ್ಲ. ಆದರೆ ಅದಕ್ಕಾಗಿ ಮಿಲ್ಲರ್ ಚರಿತ್ರೆಯನ್ನು ಬಗ್ಗಿಸಿದ್ದೂ ಉಂಟು. ಹನ್ನೊಂದು ಹನ್ನೆರಡರ ಬಾಲಿಕೆಯನ್ನು ತರುಣಿಯಾಗಿಸಿ, ಅರುವತ್ತರ ಆಸುಪಾಸಿನ ರೈತನನ್ನು ಯುವಕನಾಗಿಸಿ, ಅವರಿಬ್ಬರ ನಡುವೆ ಪ್ರಣಯವನ್ನಿಟ್ಟ. ಇಡೀ ಊರಿನ ಪಾಪ ಹೀಗೆ ಒಬ್ಬ ಹುಡುಗಿಯ ಈರ್ಷ್ಯೆಗೆ ಇಳಿದುಬಿಡುತ್ತದೆ. ನನ್ನ ಮಟ್ಟಿಗೆ ಇದು ಆ ನಾಟಕದ ದೊಡ್ಡ ದೋಷ.

ನಮ್ಮ ಶಾಸ್ತ್ರ ಈ ವಿಷಯದಲ್ಲಿ ಹೆಚ್ಚು ನಿಷ್ಠುರ. ಹಿಂಸೆಗೆ ಕೃತ, ಕಾರಿತ, ಅನುಮೋದಿತ ಎಂಬ ಮೂರು ದಾರಿಗಳನ್ನು ಅದು ಎಣಿಸುತ್ತದೆ. ರೌದ್ರಧ್ಯಾನದ ನಾಲ್ಕು ಬಗೆಗಳಲ್ಲಿ ಹಿಂಸಾನಂದದ ಬೆನ್ನಿಗೇ ಮೃಷಾನಂದವನ್ನು, ಅಂದರೆ ಸುಳ್ಳಿನಲ್ಲಿ ಪಡುವ ಸಂತೋಷವನ್ನು ಹೇಳುತ್ತದೆ. ರಾಜಕೀಯ ಉನ್ಮಾದಕ್ಕೆ ಇದಕ್ಕಿಂತ ತಕ್ಕ ಲಕ್ಷಣವನ್ನು ನಾನು ಕಾಣೆ. ಕಲ್ಲೆಸೆದವರು ಕೆಲವರು, ಎಸೆಯಿಸಿದವರು ಇನ್ನೂ ಕೆಲವರು. ಗಾಳಿಮಾತನ್ನು ಸವಿದು ತಲೆದೂಗಿದವರು ಊರಿಗೂರೇ. ಕಾರ್ನಾಡರು ಈ ಮೂರನೆಯವರನ್ನು ರಂಗಕ್ಕೆ ತಂದದ್ದು ಕಡಿಮೆ. ಬೀದಿಯ ಗದ್ದಲ ಅವರಲ್ಲಿ ಬಹುಮಟ್ಟಿಗೆ ವರದಿಯಾಗಿ ಅರಮನೆಗೆ ಬಂದು ತಲುಪುತ್ತದೆ.

ಇನ್ನೊಂದು ಕೊರತೆ ನಮಗೆ ಹತ್ತಿರದ್ದು. ವೀರಶೈವ ಪುರಾಣಗಳಲ್ಲಿ ಬಿಜ್ಜಳ ಜೈನ; ಜೈನರ ‘ಬಿಜ್ಜಳರಾಯ ಚರಿತೆ’ಯಾದರೋ ಅವನ ಪರವಾಗಿ ನಿಲ್ಲುತ್ತದೆ. ಶಾಸನಗಳನ್ನು ನೋಡಿದರೆ ಆತ ಜೈನನೆಂದು ನಿಶ್ಚಯಿಸುವುದು ಕಷ್ಟ. ಅಬ್ಬಲೂರಿನ ಶಾಸನದ ಪ್ರಕಾರ, ಜೈನರೊಡನೆ ಪಂಥ ಕಟ್ಟಿ ತಲೆಯನ್ನು ಶಿವನಿಗೆ ಒಪ್ಪಿಸಿ ಮರಳಿ ಪಡೆದು, ಜಿನಬಿಂಬವನ್ನು ಒಡೆದ ಏಕಾಂತದ ರಾಮಯ್ಯನಿಗೆ ಜಯಪತ್ರ ಕೊಟ್ಟವನೇ ಬಿಜ್ಜಳ! ಕಾರ್ನಾಡರು ಅವನನ್ನು ಕ್ಷೌರಿಕ ಕುಲದಿಂದ ಬಂದು, ಹಣ ತೆತ್ತು ಕ್ಷತ್ರಿಯತ್ವ ಪಡೆದ ಮನೆತನದವನನ್ನಾಗಿ ಚಿತ್ರಿಸಿದರು. ಜೈನ ಖಳನೆಂಬ ಪುರಾಣದ ಹಳೆಯ ಪಡಿಯಚ್ಚು ಇದರಿಂದ ಹೋಯಿತು. ಅದಕ್ಕೆ ನಾವು ಕೃತಜ್ಞರು. ಆದರೆ ಪಡಿಯಚ್ಚಿನೊಡನೆ ಜೈನನೂ ಹೋದ. ಮುಖ್ಯ ಪಾತ್ರಗಳಲ್ಲಿ ಜೈನನೊಬ್ಬನೂ ಇಲ್ಲ. ಬಸದಿಯುಂಟು, ಅದರೊಳಗಿನವರಿಗೆ ಬಾಯಿಲ್ಲ. ಅನ್ಯರ ಸಂಕಟವನ್ನು ಇಂದಿನ ದೃಷ್ಟಾಂತಕ್ಕೆ ಬಳಸುವ ನಾಟಕಕಾರನಿಗೆ ಇದೊಂದು ನಿತ್ಯದ ಅಪಾಯ: ಉಪಮೆಯಾದವನು ಮನುಷ್ಯನಾಗಿ ಉಳಿಯುವುದಿಲ್ಲ.

ಹಾಗೆಂದು ಅಬ್ಬಲೂರಿನ ಗಾಯವನ್ನೇ ರಂಗಕ್ಕೆ ತಂದು ನಮ್ಮ ಟ್ರಸ್ಟುಗಳ ಹಣದಿಂದ ನಾಟಕವಾಡಿಸೋಣವೆಂಬ ಉತ್ಸಾಹ ನನಗಿಲ್ಲ. ಪ್ರೇಕ್ಷಕ ಮುಷ್ಟಿ ಬಿಗಿದು ಎದ್ದು ಹೋದರೆ ಆ ನಾಟಕ ಮತ್ತೊಬ್ಬ ಜಗದೇವನನ್ನು ತಯಾರಿಸಿದಂತೆಯೇ. ಕಾಪುವಿನ 1556ರ ತಾಮ್ರಶಾಸನ ಅಲ್ಲಿಯ ಬಸದಿಯ ದತ್ತಿಗೆ ಸೇರಿದ್ದು. ದತ್ತಿ ಕೆಡಿಸಿದವನಿಗೆ ಅದು ಹಾಕುವ ಶಾಪವನ್ನು ನೋಡಬೇಕು: ಜೈನನಾದರೆ ಬೆಳ್ಗೊಳದ ಗೊಮ್ಮಟನನ್ನು ಭಗ್ನಗೊಳಿಸಿದ ಪಾಪ, ಶೈವನಾದರೆ ಅವನ ಕ್ಷೇತ್ರದ ಲಿಂಗಗಳನ್ನು ಒಡೆದ ಪಾಪ, ವೈಷ್ಣವನಿಗೂ ಅವನದೇ ದೇವರ ಆಣೆ. ಎದುರಾಳಿಯ ಶ್ರದ್ಧೆಯನ್ನೇ ಕಾವಲಿಗಿಟ್ಟ ಆ ಜಾಣತನದಲ್ಲಿ ಒಳ್ಳೆಯ ನಾಟಕಕ್ಕೆ ಬೇಕಾದ ವ್ಯಂಗ್ಯವೂ ಇದೆ, ಕರುಣೆಯೂ ಇದೆ.

ನಾಟಕಕಾರರು ಇಂಥದನ್ನು ಮುಟ್ಟದಿರುವುದಕ್ಕೆ ಕಾರಣ ಸ್ಪಷ್ಟ: ಇಲ್ಲಿ ಕೊಲೆಯಿಲ್ಲ. 1368ರಲ್ಲಿ ಜೈನರು ಶ್ರೀವೈಷ್ಣವರ ಪೀಡೆಯ ಬಗ್ಗೆ ಬುಕ್ಕರಾಯನಲ್ಲಿ ಮೊರೆಯಿಟ್ಟಾಗ, ಅವನು ಜೈನರ ಕೈಗಳನ್ನು ವೈಷ್ಣವರ ಕೈಯಲ್ಲಿಟ್ಟು ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಒಪ್ಪಿಸಿದ. ಅಷ್ಟಕ್ಕೇ ನಿಲ್ಲದೆ ವ್ಯವಸ್ಥೆಯನ್ನೂ ಮಾಡಿದ. ಜೈನರ ಮನೆಯೊಂದಕ್ಕೆ ವರ್ಷಕ್ಕೆ ಒಂದು ಹಣ ಎತ್ತಬೇಕು. ಎತ್ತುವವನು ತಿರುಮಲೆಯ ತಾತಯ್ಯನೆಂಬ ವೈಷ್ಣವ. ಅದರಿಂದ ಬೆಳ್ಗೊಳದ ದೇವರಿಗೆ ಇಪ್ಪತ್ತು ಜನ ಕಾವಲಿನವರು. ಉಳಿದ ಹಣದಲ್ಲಿ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ.